ಹನ್ನೊಂದು ಮೀಟರ್ ದೂರ, ಒಂದು ಸೈಕಲ್ ಟೈರು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು 2003–04ನೇ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ, ಬಿ.ಇ. ಪದವೀಧರರು, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಮಹೋತ್ಸವ ಸಮಿತಿಯವರು ಫೋನ್ ಮಾಡಿ, "ನೀವು ಸಾಫ್ಟ್‌ವೇರ್ ಎಂಜಿನಿಯರು, ಮಕ್ಕಳಿಗೆ ಸ್ಫೂರ್ತಿ ಬರುವ ಹಾಗೆ ಇಪ್ಪತ್ತು ನಿಮಿಷ ಮಾತಾಡಬೇಕು" ಎಂದರು. ಒಪ್ಪಿಕೊಂಡೆ. ಬರೆಯಲು ಕುಳಿತರೆ ಸಾಫ್ಟ್‌ವೇರ್ ಬಗ್ಗೆ ಒಂದು ಸಾಲೂ ಬರಲಿಲ್ಲ. ಈ ಶಾಲೆಯನ್ನು ನೆನೆದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಒಂದು ಫುಟ್‌ಬಾಲ್. ಹಾಗಾಗಿ ಇವತ್ತು ಪೆನಾಲ್ಟಿ ಒದೆತದ ಬಗ್ಗೆ, ಅದನ್ನು ಒದೆಯುವವರ ಕಣ್ಣು ಮತ್ತು ಮನಸ್ಸಿನ ಬಗ್ಗೆ ಮಾತಾಡುತ್ತೇನೆ. ಅದರಿಂದ ಯಾರಿಗಾದರೂ ಸ್ಫೂರ್ತಿ ಬಂದರೆ ಅದು ಸಮಿತಿಯವರ ಪುಣ್ಯ.

ಇಲ್ಲಿರುವ ಹಿರಿಯರಲ್ಲಿ ಅರ್ಧ ಜನಕ್ಕೆ ನನ್ನ ನಿಜವಾದ ಹೆಸರಿಗಿಂತ 'ಪಾಸ್' ಎಂಬ ಹೆಸರೇ ಚೆನ್ನಾಗಿ ಗೊತ್ತು. ಮಕ್ಕಳೇ, ಎಲ್ಲ ಪರೀಕ್ಷೆ ಪಾಸಾಗಿದ್ದಕ್ಕೆ ಬಂದ ಹೆಸರು ಇದು ಎಂದುಕೊಳ್ಳಬೇಡಿ. ತಾಲ್ಲೂಕು ಮಟ್ಟದ ಫೈನಲ್‌ನಲ್ಲಿ ಪೆನಾಲ್ಟಿ ಒದೆಯುವಾಗ ಚೆಂಡನ್ನು ನೇರವಾಗಿ ಎದುರಾಳಿ ಗೋಲ್‌ಕೀಪರನ ಕೈಗೆ ಕೊಟ್ಟೆನಲ್ಲ, ಅದಕ್ಕೆ ಊರು ಇಟ್ಟ ಹೆಸರು.

ಕೊಡಗು ಎಂದರೆ ಹಾಕಿ ಎನ್ನುತ್ತಾರೆ. ನಿಜವೇ. ಆದರೆ ನಮ್ಮ ಕಾಲದಲ್ಲಿ ಶಾಲೆಗೆ ಹನ್ನೊಂದು ಹಾಕಿ ಸ್ಟಿಕ್ ಕೊಳ್ಳುವ ಶಕ್ತಿ ಇರಲಿಲ್ಲ. ಒಂದು ಫುಟ್‌ಬಾಲ್ ಇತ್ತು. ಸುಂಟಿಕೊಪ್ಪದ ಟೂರ್ನಿ ನೋಡಿ ಬಂದವರು ಆ ಒಂದು ಚೆಂಡಿಗೆ ಮೂವತ್ತು ಜನ ಮುಗಿಬೀಳುತ್ತಿದ್ದೆವು. ಗೋಲಿಗೆ ಸಿಲ್ವರ್ ಮರದ ಎರಡು ಕಂಬ, ಮೇಲೊಂದು ಅಡ್ಡ ಮರ. ಬಲೆ ಇಲ್ಲ. ಗೋಲಿನ ಹಿಂದೆ ಇಳಿಜಾರು, ಇಳಿಜಾರಿನ ಕೆಳಗೆ ಕಾಫಿ ತೋಟ.

ನಮ್ಮ ಪಿ.ಟಿ. ಮಾಸ್ಟ್ರು ಅಡ್ಡ ಮರಕ್ಕೆ ಎರಡು ಹಳೆಯ ಸೈಕಲ್ ಟೈರುಗಳನ್ನು ಹಗ್ಗದಲ್ಲಿ ತೂಗುಹಾಕಿದ್ದರು. ಎಡಗಂಬದಿಂದ ಒಂದು ಮೀಟರ್ ಒಳಗೆ ಒಂದು, ಬಲಗಂಬದಿಂದ ಒಂದು ಮೀಟರ್ ಒಳಗೆ ಇನ್ನೊಂದು. ಸಂಜೆ ನಾಲ್ಕೂವರೆಯ ಬೆಲ್ ಹೊಡೆದ ಮೇಲೆ ಟೈರಿನೊಳಗೆ ಚೆಂಡು ತೂರಿಸುವುದೇ ನಮ್ಮ ಕೆಲಸ. ಮೂರು ಸಲ ಒದೆಯಬೇಕು. ನಾಲ್ಕನೆಯ ಸಲ ಚೆಂಡಿನ ಹಿಂದೆ ಕಣ್ಣು ಮುಚ್ಚಿ ನಿಂತು ಮನಸ್ಸಿನಲ್ಲೇ ಒದೆಯಬೇಕು. ಆಮೇಲೆ ಮಾಸ್ಟ್ರು ಕೇಳುವರು: "ಎಲ್ಲಿಗೆ ಹೋಯ್ತೋ ಚೆಂಡು?" ಯಾರಾದರೂ ತಮಾಷೆಗೆ "ತೋಟಕ್ಕೆ ಹೋಯ್ತು ಸಾರ್" ಎಂದರೆ, "ಹಾಗಾದ್ರೆ ಮನಸ್ಸಲ್ಲೇ ಹೋಗಿ ಹುಡುಕಿಕೊಂಡು ಬಾ, ಇನ್ನೊಂದು ಸಲ ಒದಿ" ಎನ್ನುವರು. ನಮಗೆ ಅದೆಲ್ಲ ನಗೆ. ಪಂದ್ಯದ ಹಿಂದಿನ ಸಂಜೆ ಅವರು ಹೇಳಿದ್ದು ಇಷ್ಟೇ: "ನಾಳೆ ಅಲ್ಲಿ ಟೈರ್ ಇರೋದಿಲ್ಲ. ಟೈರ್ ಇಲ್ಲದ ಕಡೆ ಟೈರ್ ಕಾಣಬೇಕು. ರಾತ್ರಿ ಅದನ್ನು ನೋಡ್ಕೊಂಡೇ ಮಲಗಿ."

ನಾನು ನೋಡಿಕೊಂಡು ಮಲಗಲಿಲ್ಲ. ಮರುದಿನ ಗೆದ್ದರೆ ಜಿಲ್ಲಾ ಮಟ್ಟಕ್ಕೆ ಹೋಗುವಾಗ ಯಾವ ಅಂಗಿ ಹಾಕಿಕೊಳ್ಳುವುದು ಎಂದು ಯೋಚಿಸುತ್ತ ಮಲಗಿದೆ.

ಅದು 2003ರ ಆಗಸ್ಟ್. ಮೈದಾನವೆಲ್ಲ ಕೆಸರು. ಆಟ 1–1 ಆಗಿ ಶೂಟೌಟ್‌ಗೆ ಹೋಯಿತು. ಅವರು ಐದರಲ್ಲಿ ನಾಲ್ಕು ಹಾಕಿದ್ದರು, ನಾವು ನಾಲ್ಕರಲ್ಲಿ ಮೂರು. ಐದನೆಯವನು ನಾನು. ನಡುಗೆರೆಯಿಂದ ಚೆಂಡಿನವರೆಗೆ ನಡೆದು ಹೋಗುವಾಗ ಕಾಲು ನನ್ನದಲ್ಲ ಅನ್ನಿಸುತ್ತಿತ್ತು. ಗೆರೆಯ ಆಚೆಯಿಂದ ಒಂದು ದನಿ ಬಂತು: "ಕೀಪರ್ ಕೈಗೆ ಮಾತ್ರ ಕೊಡಬೇಡ ಮಗಾ!" ತಲೆ ಎತ್ತಿದೆ. ಕೀಪರ್ ಕಂಡ. ಅವನ ಹಳದಿ ಅಂಗಿ, ಅಗಲಿಸಿದ ಕೈ, ಮೊಣಕಾಲಿನ ಕೆಸರು, ಎಲ್ಲವೂ ಕಂಡವು. ಇವತ್ತಿಗೂ ಕಾಣುತ್ತವೆ. ಟೈರು ಮಾತ್ರ ಕಾಣಲಿಲ್ಲ. ಬೇಗ ಮುಗಿದರೆ ಸಾಕಿತ್ತು. ಸೀಟಿ ಊದಿದ ಕ್ಷಣವೇ ಓಡಿ ಒದ್ದೆ. ಚೆಂಡು ಅವನ ಎದೆಗೇ ಹೋಯಿತು.

ವಾಪಸ್ ಬರುವಾಗ ಜೀಪಿನಲ್ಲಿ ಯಾರೂ ಮಾತಾಡಲಿಲ್ಲ. ನಮ್ಮ ನಾಯಕ, ಅವನು ಇವತ್ತು ಎರಡನೆಯ ಸಾಲಿನಲ್ಲಿ ಕುಳಿತಿದ್ದಾನೆ, ತನ್ನ ಒಣಗಿದ ಟವಲನ್ನು ನನ್ನ ತಲೆಯ ಮೇಲೆ ಹಾಕಿ ಕಿಟಕಿಯ ಕಡೆ ತಿರುಗಿ ಕುಳಿತ. ಜಿಲ್ಲಾ ಮಟ್ಟದಲ್ಲಿ ಆಡಬೇಕೆಂದು ನನಗಿಂತ ನೂರು ಪಾಲು ಆಸೆ ಇದ್ದವನು ಅವನು. ಒಂದು ಮಾತು ಅನ್ನಲಿಲ್ಲ. ಊರಿನ ಅಂಗಡಿ ಕಟ್ಟೆ ಮಾತ್ರ ಅಷ್ಟು ಉದಾರಿಯಾಗಿರಲಿಲ್ಲ. ವಾರದೊಳಗೆ ನಾನು 'ಪಾಸ್' ಆದೆ. ಮತ್ತೆ ಅಂಗಳಕ್ಕೆ ಇಳಿಯಲಿಲ್ಲ. ಮೊದಲು ಹೊಟ್ಟೆನೋವು ಎಂದೆ, ಆಮೇಲೆ ಎಸ್ಸೆಸ್ಸೆಲ್ಸಿ ಓದು ಎಂದೆ, ಆಮೇಲೆ ಯಾರೂ ಕೇಳಲಿಲ್ಲ.

ಪಿ.ಯು.ಸಿ. ಆಯಿತು, ಬಿ.ಇ. ಆಯಿತು, ಬೆಂಗಳೂರಿನಲ್ಲಿ ಕೆಲಸವಾಯಿತು. 2023ರ ಜುಲೈ 4ರಂದು ಸಹೋದ್ಯೋಗಿಯೊಬ್ಬರು ಒತ್ತಾಯ ಮಾಡಿ ಕಂಠೀರವ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದರು. ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್, ಭಾರತ ಮತ್ತು ಕುವೈತ್. ಅಲ್ಲೂ 1–1, ಅಲ್ಲೂ ಶೂಟೌಟ್. ಕೊನೆಗೆ ಗುರುಪ್ರೀತ್ ಸಿಂಗ್ ಸಂಧು ಒಂದು ಹೊಡೆತ ತಡೆದರು, ಭಾರತ 5–4ರಿಂದ ಗೆದ್ದಿತು. ಇಡೀ ಕ್ರೀಡಾಂಗಣ ಕುಣಿಯುತ್ತಿತ್ತು. ನನ್ನ ಅಂಗೈ ಮಾತ್ರ ಬೆವರಿ ಒದ್ದೆಯಾಗಿತ್ತು. ಒಬ್ಬೊಬ್ಬ ಆಟಗಾರ ಚೆಂಡಿನ ಕಡೆ ನಡೆದು ಬರುವಾಗಲೂ ನಾನು ಅವನ ಕಾಲನ್ನು ನೋಡಿರಲಿಲ್ಲ, ಅವನು ಎಲ್ಲಿ ನೋಡುತ್ತಿದ್ದಾನೆ ಎಂಬುದನ್ನೇ ನೋಡುತ್ತಿದ್ದೆ. ಅವತ್ತು ರಾತ್ರಿ ಮನೆಗೆ ಬಂದು ಓದಲು ಶುರುಮಾಡಿದೆ. ಇಪ್ಪತ್ತು ವರ್ಷ ತಡವಾಗಿ.

ಮೊದಲು ಲೆಕ್ಕ ಮಾಡಿ ನೋಡಿದೆ. ಎಂಜಿನಿಯರ್ ಬುದ್ಧಿ. ಪೆನಾಲ್ಟಿ ಚುಕ್ಕಿಯಿಂದ ಗೋಲಿನ ಗೆರೆಗೆ 11 ಮೀಟರ್. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒದ್ದರೆ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಗೋಲು ಮುಟ್ಟುತ್ತದೆ. ಕಂಬದ ಹತ್ತಿರಕ್ಕೆ ಹೋದ ಅಂಥ ಚೆಂಡನ್ನು, ಒದ್ದದ್ದನ್ನು ನೋಡಿ ಆಮೇಲೆ ಹಾರುವ ಕೀಪರ್ ಮುಟ್ಟುವುದು ಬಹಳ ಕಷ್ಟ. ಹಾಗಾದರೆ ಕಂಬಕ್ಕೆ ತಾಗಿದ ಹಾಗೆ ಗುರಿ ಇಟ್ಟರೆ ಆಯಿತಲ್ಲ? ಅಲ್ಲೊಂದು ಅಪಾಯವಿದೆ. ಕಂಬದಿಂದ ಅರ್ಧ ಮೀಟರ್ ಒಳಗೆ ಗುರಿ ಇಟ್ಟರೆ ಹೊರಗೆ ಹೋಗಲು ಎರಡೂವರೆ ಡಿಗ್ರಿಯಷ್ಟು ತಪ್ಪು ಸಾಕು. ಒಂದು ಮೀಟರ್ ಒಳಗೆ ಇಟ್ಟರೆ ಸುಮಾರು ಐದು ಡಿಗ್ರಿಯವರೆಗೆ ತಪ್ಪಿದರೂ ಚೆಂಡು ಒಳಗೇ ಇರುತ್ತದೆ. ಮಾಸ್ಟ್ರು ಟೈರ್ ಕಟ್ಟಿದ್ದು ಸರಿಯಾಗಿ ಅಲ್ಲಿಯೇ.

ಇಷ್ಟು ಸುಲಭವಾದ ಹೊಡೆತ ಯಾಕೆ ತಪ್ಪುತ್ತದೆ? ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ವಿಲ್ಸನ್, ಗ್ರೆಗ್ ವುಡ್ ಮತ್ತವರ ಜೊತೆಗಾರರು, ಕಣ್ಣು ಎಲ್ಲಿ ನೆಟ್ಟಿದೆ ಎಂದು ದಾಖಲಿಸುವ ಉಪಕರಣವನ್ನು ಆಟಗಾರರ ತಲೆಗೆ ಕಟ್ಟಿ ಪೆನಾಲ್ಟಿ ಒದೆಸಿದರು. 2009ರಲ್ಲಿ ಪ್ರಕಟವಾದ ಅಧ್ಯಯನ ಅದು. ಒತ್ತಡ ಹೆಚ್ಚಾದಾಗ ಆಟಗಾರರು ಕೀಪರನನ್ನು ಬೇಗ ನೋಡಿದರು, ಹೆಚ್ಚು ಹೊತ್ತು ನೋಡಿದರು, ಮತ್ತು ಅವರ ಚೆಂಡು ಕೀಪರನ ಹತ್ತಿರಕ್ಕೇ ಹೋಯಿತು. ಕಣ್ಣು ಹೋದ ಕಡೆಗೆ ಕಾಲು ಹೋಯಿತು. ಹೆದರಿದ ಮನಸ್ಸು ಅಪಾಯವನ್ನೇ ದಿಟ್ಟಿಸುತ್ತದೆ. ರಸ್ತೆಯ ಗುಂಡಿಯನ್ನೇ ನೋಡುತ್ತ ಸೈಕಲ್ ಹೊಡೆದವರು ಗುಂಡಿಗೇ ಬೀಳುವುದು ನಮಗೆಲ್ಲ ಗೊತ್ತಿದೆಯಲ್ಲ, ಅದೇ ಕತೆ.

ನಾರ್ವೆಯ ಕ್ರೀಡಾ ಮನೋವಿಜ್ಞಾನಿ ಗೈರ್ ಯೋರ್ಡೆಟ್ ದೊಡ್ಡ ಟೂರ್ನಿಗಳ ಶೂಟೌಟ್ ವಿಡಿಯೊಗಳನ್ನು ಒಂದೊಂದಾಗಿ ನೋಡಿದರು. ಸೀಟಿ ಊದಿದ ಕೂಡಲೇ ಅವಸರದಿಂದ ಒದ್ದವರು ಹೆಚ್ಚು ತಪ್ಪುತ್ತಿದ್ದರು. ಓದುತ್ತ ಓದುತ್ತ ನನಗೆ ನನ್ನದೇ ವರದಿ ಓದಿದ ಹಾಗಾಯಿತು.

ಇನ್ನೊಂದು ಅಧ್ಯಯನ ನೆದರ್ಲೆಂಡ್ಸ್‌ನದು, 2006ರದು. ಅಲ್ಲಿ ಕೆಲವು ಹೊಡೆತಗಳಿಗೆ ಮುಂಚೆ ಆಟಗಾರರಿಗೆ "ಕೀಪರನ ಕೈಗೆ ಸಿಗುವ ಹಾಗೆ ಒದೆಯಬೇಡಿ" ಎಂದು ಎಚ್ಚರಿಕೆ ಕೊಟ್ಟರು. ಹಾಗೆ ಹೇಳಿದಾಗಲೇ ಅವರ ಕಣ್ಣು ಕೀಪರನ ಮೇಲೆ ಹೆಚ್ಚು ನಿಂತಿತು. 'ಬೇಡ' ಎಂಬುದು ಮನಸ್ಸಿಗೆ ತಲುಪುವ ಮೊದಲೇ 'ಕೀಪರ್' ಎಂಬುದು ತಲುಪಿಬಿಡುತ್ತದೆ. ಇದನ್ನು ಓದಿದಾಗ ನನಗೆ ಒಂದು ದನಿ ನೆನಪಾಯಿತು. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ರೋಗ ಗೊತ್ತಾಯಿತು, ಮದ್ದು? ಮದ್ದಿಗೆ ಎರಡು ಭಾಗ. ಒಂದು, ಮನಸ್ಸಿನಲ್ಲೇ ಅಭ್ಯಾಸ ಮಾಡುವುದು. ಇನ್ನೊಂದು, ಕಣ್ಣನ್ನು ನಿಲ್ಲಿಸಲು ಕಲಿಯುವುದು.

ಮನಸ್ಸಿನ ಅಭ್ಯಾಸದ ಬಗ್ಗೆ ಅತಿ ಹೇಳುವವರು ಬಹಳ ಜನ. ಕಣ್ಣು ಮುಚ್ಚಿ ಕುಳಿತರೆ ಬೇಕಾದ್ದೆಲ್ಲ ಸಿಗುತ್ತದೆ ಎಂದು ಪುಸ್ತಕ ಮಾರುವವರಿದ್ದಾರೆ. ಅಂಥದ್ದೇನೂ ಇಲ್ಲ. 1994ರಲ್ಲಿ ಮೂವರು ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿ ಹೇಳಿದ್ದು ಇದು: ಮನಸ್ಸಿನ ಅಭ್ಯಾಸದಿಂದ ನಿಜವಾಗಿ ಪ್ರಯೋಜನವಿದೆ, ಆದರೆ ಮೈದಾನದ ಅಭ್ಯಾಸದಷ್ಟು ಇಲ್ಲ. ಅಂದರೆ ಉಪ್ಪಿನಕಾಯಿ ಇದ್ದ ಹಾಗೆ, ಅನ್ನದ ಬದಲು ಅದನ್ನೇ ತಿನ್ನಲಾಗದು. 1995ರಲ್ಲಿ ಪಾಸ್ಕ್ವಲ್ ಲಿಯೋನ್ ಎಂಬ ವೈದ್ಯವಿಜ್ಞಾನಿ ಮತ್ತವರ ತಂಡ ಕೆಲವರಿಗೆ ಐದು ದಿನ ಪಿಯಾನೊದಲ್ಲಿ ಐದು ಬೆರಳಿನ ಪಾಠ ಕೊಟ್ಟರು. ಇನ್ನು ಕೆಲವರು ಬೆರಳು ಆಡಿಸದೆ ಅದೇ ಪಾಠವನ್ನು ಮನಸ್ಸಿನಲ್ಲೇ ನುಡಿಸಿದರು. ಬೆರಳನ್ನು ಆಡಿಸುವ ಮಿದುಳಿನ ಭಾಗದಲ್ಲಿ ಇಬ್ಬರಲ್ಲೂ ಬದಲಾವಣೆ ಕಂಡಿತು. ಮನಸ್ಸಿನಲ್ಲಿ ಒದ್ದ ಒದೆತ ಪೂರ್ತಿ ವ್ಯರ್ಥವಲ್ಲ ಎನ್ನಲು ಇಷ್ಟು ಸಾಕು.

ಹೇಗೆ ಕಲ್ಪಿಸಿಕೊಳ್ಳಬೇಕು ಎಂಬುದಕ್ಕೂ ಒಂದು ಕ್ರಮವಿದೆ. 2001ರಲ್ಲಿ ಹೋಮ್ಸ್ ಮತ್ತು ಕಾಲಿನ್ಸ್ ಎಂಬ ಇಬ್ಬರು ಏಳು ಅಂಶಗಳ ಪಟ್ಟಿ ಮಾಡಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ: ಮಲಗಿಕೊಂಡಲ್ಲ, ಆಟಕ್ಕೆ ನಿಲ್ಲುವ ಹಾಗೆ ನಿಂತು ಕಲ್ಪಿಸಿಕೊಳ್ಳಿ, ಸಾಧ್ಯವಾದರೆ ಬೂಟು ಹಾಕಿಕೊಂಡು. ಆಡುವ ಜಾಗವನ್ನೇ ಕಣ್ಣ ಮುಂದೆ ತಂದುಕೊಳ್ಳಿ, ಕೆಸರಿದ್ದರೆ ಕೆಸರು ಸಮೇತ. ನಿಮಗೆ ಬರುವ ಹೊಡೆತವನ್ನೇ ಕಾಣಿ, ಟಿ.ವಿ.ಯಲ್ಲಿ ನೋಡಿದ್ದನ್ನಲ್ಲ. ನಿಜವಾಗಿ ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತಿನಲ್ಲಿ ಮುಗಿಸಿ, ಸಿನಿಮಾದ ನಿಧಾನ ಚಿತ್ರ ಬೇಡ. ಆಟ ಸುಧಾರಿಸಿದಂತೆ ಚಿತ್ರವನ್ನೂ ತಿದ್ದಿ. ಎದೆ ಹೊಡೆದುಕೊಳ್ಳುವುದನ್ನೂ ಸೇರಿಸಿಕೊಳ್ಳಿ. ಮತ್ತು ಹೊರಗಿನಿಂದ ಫೋಟೊದಂತೆ ನೋಡುವ ಬದಲು ನಿಮ್ಮ ಕಣ್ಣಿನಿಂದಲೇ ನೋಡಿ.

ದೊಡ್ಡ ಆಟಗಾರರು ಇದನ್ನು ಮಾಡಿಯೇ ಮಾಡುತ್ತಾರೆ. ಇಂಗ್ಲೆಂಡಿನ ವೇಯ್ನ್ ರೂನಿ ಪಂದ್ಯದ ಮೊದಲು ತಂಡದ ಬಟ್ಟೆ ನೋಡಿಕೊಳ್ಳುವವರನ್ನು, ನಾಳೆ ಯಾವ ಬಣ್ಣದ ಅಂಗಿ, ಯಾವ ಬಣ್ಣದ ಕಾಲುಚೀಲ ಎಂದು ಕೇಳಿಕೊಳ್ಳುತ್ತಿದ್ದರು. ರಾತ್ರಿ ಮಲಗಿ ಗೋಲು ಹಾಕುವುದನ್ನು ಕಲ್ಪಿಸಿಕೊಳ್ಳುವಾಗ ಬಣ್ಣ ಸರಿಯಿರಲಿ ಎಂದು. ನಾನೂ ಹಿಂದಿನ ರಾತ್ರಿ ಅಂಗಿಯ ಬಗ್ಗೆ ಯೋಚಿಸಿದ್ದೆ, ಆದರೆ ಅದು ಬೇರೆ ಅಂಗಿ! ರಗ್ಬಿ ಆಟದ ಜಾನಿ ವಿಲ್ಕಿನ್ಸನ್, 2003ರ ವಿಶ್ವಕಪ್ ಫೈನಲ್‌ನಲ್ಲಿ ಕೊನೆಯ ಗಳಿಗೆಯ ಒದೆತದಿಂದ ಇಂಗ್ಲೆಂಡನ್ನು ಗೆಲ್ಲಿಸಿದವರು. ಗೋಲುಗಂಬಗಳ ಹಿಂದಿನ ಗ್ಯಾಲರಿಯಲ್ಲಿ ಡೋರಿಸ್ ಎಂಬ ಮಹಿಳೆ ಕುಳಿತಿದ್ದಾಳೆ ಎಂದು ಕಲ್ಪಿಸಿಕೊಂಡು ಅವಳಿಗೆ ಗುರಿಯಿಟ್ಟು ಒದೆಯುವ ಅಭ್ಯಾಸ ಅವರದು. ಡೋರಿಸ್ ಎಂಬುವಳು ಇಲ್ಲವೇ ಇಲ್ಲ. ಅವರಿಗೆ ಡೋರಿಸ್, ನಮಗೆ ಟೈರು.

ಎರಡನೆಯದು ಕಣ್ಣು ನಿಲ್ಲಿಸುವುದು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್ ಇದಕ್ಕೆ ಕೊಟ್ಟ ಹೆಸರನ್ನು ನಾವು 'ಶಾಂತ ದೃಷ್ಟಿ' ಎನ್ನಬಹುದು. ನುರಿತ ಆಟಗಾರರ ಕಣ್ಣು ಹೊಡೆತಕ್ಕೆ ಮುಂಚೆ ಗುರಿಯ ಮೇಲೆ ಅಲುಗದೆ ಹೆಚ್ಚು ಹೊತ್ತು ನಿಲ್ಲುತ್ತದೆ. ಎಕ್ಸೆಟರ್‌ನವರು 2011ರಲ್ಲಿ ಇದನ್ನೇ ಪೆನಾಲ್ಟಿಗೆ ಕಲಿಸಿ ನೋಡಿದರು. ಕಲಿತವರ ಗುರಿ ಸುಧಾರಿಸಿತು, ಕೀಪರ್ ತಡೆದ ಹೊಡೆತಗಳು ಕಡಿಮೆಯಾದವು. ಆದರೆ ಕೊನೆಗೆ ಸ್ಪರ್ಧೆಯ ಒತ್ತಡದಲ್ಲಿ ಶೂಟೌಟ್ ನಡೆಸಿದಾಗ ಆ ನಿಖರತೆಯ ಮುನ್ನಡೆ ಉಳಿಯಲಿಲ್ಲ. ಇದನ್ನೂ ಹೇಳಲೇಬೇಕು. ಅಂದರೆ ಶಾಂತವಾದ ಸಂಜೆಯಲ್ಲಿ ಕಲಿತರೆ ಸಾಲದು, ಗಲಾಟೆಯಲ್ಲೂ ಕಲಿಯಬೇಕು.

ಈ ವರ್ಷ ಮುಖ್ಯೋಪಾಧ್ಯಾಯರ ಮತ್ತು ದೈಹಿಕ ಶಿಕ್ಷಕಿಯವರ ಒಪ್ಪಿಗೆ ಪಡೆದು ನಾಲ್ಕು ಶನಿವಾರ ಬಂದು ಇಲ್ಲಿನ ಮಕ್ಕಳ ಜೊತೆ ಇದನ್ನು ಮಾಡಿ ನೋಡಿದೆ. ಈಗ ಹೆಣ್ಣುಮಕ್ಕಳ ತಂಡವೂ ಇದೆ, ನೋಡಿ ಸಂತೋಷವಾಯಿತು. ನಾವು ಕಲಿತ ಕ್ರಮ ಹೀಗೆ: ಚೆಂಡು ಇಡುವ ಮೊದಲೇ ಮೂಲೆ ನಿರ್ಧಾರವಾಗಿರಬೇಕು. ಚೆಂಡನ್ನು ನಾವೇ ಇಡಬೇಕು. ಹಿಂದೆ ಸರಿದು ಒಂದು ನಿಧಾನ ಉಸಿರು. ಟೈರು ಇರಬೇಕಾದ ಜಾಗವನ್ನು, ಟೈರು ಕಾಣುವವರೆಗೆ ನೋಡಬೇಕು. ಸೀಟಿ ಆದ ಮೇಲೆ ಇನ್ನೊಂದು ಉಸಿರು. ಆಮೇಲೆ ಚೆಂಡನ್ನು ನೋಡಬೇಕು. ಕಾಲು ಚೆಂಡಿಗೆ ತಾಗುವವರೆಗೆ ಮತ್ತೆ ತಲೆ ಎತ್ತಬಾರದು. ಮೊದಲ ಎರಡು ವಾರ ಟೈರು ಕಟ್ಟಿ ಒದ್ದರು, ಮೂರನೆಯ ವಾರ ಟೈರು ಬಿಚ್ಚಿದೆವು. ನಾಲ್ಕನೆಯ ವಾರ ಮೈದಾನ ಎರಡು ಸುತ್ತು ಓಡಿಸಿ, ಏದುಸಿರು ಬಿಡುತ್ತಿರುವಾಗಲೇ ಒದೆಸಿದೆವು. ಉಳಿದ ಮಕ್ಕಳು ಬಿಸಿಯೂಟದ ತಟ್ಟೆ ಬಡಿದು ಕಿರುಚುವುದು. ಆ ಕೆಲಸವನ್ನು ಅವರು ಬಹಳ ಶ್ರದ್ಧೆಯಿಂದ ಮಾಡಿದರು.

ಎಂಟನೆಯ ತರಗತಿಯ ಒಬ್ಬ ಹುಡುಗಿ ಬಂದು, "ಅಣ್ಣಾ, ನಂಗೆ ಕಣ್ಣು ಮುಚ್ಚಿದ್ರೆ ಏನೂ ಕಾಣಲ್ಲ, ಬರೀ ಕಪ್ಪು" ಎಂದಳು. ಎಲ್ಲರೂ ನಕ್ಕರು. ನಗುವಂಥದ್ದಲ್ಲ ಅದು. ಕೆಲವರಿಗೆ ಮನಸ್ಸಿನಲ್ಲಿ ಚಿತ್ರವೇ ಮೂಡುವುದಿಲ್ಲ. 2015ರಲ್ಲಿ ಆಡಂ ಜೆಮನ್ ಎಂಬ ನರವಿಜ್ಞಾನಿ ಮತ್ತವರ ಜೊತೆಗಾರರು ಅದಕ್ಕೆ 'ಅಫಾಂಟೇಸಿಯಾ' ಎಂದು ಹೆಸರಿಟ್ಟರು. ಅದು ದಡ್ಡತನವಲ್ಲ, ಕಾಯಿಲೆಯೂ ಅಲ್ಲ. ಈ ಹುಡುಗಿಗೂ ಹಾಗೆಯೇ ಎಂದು ನಾನು ಹೇಳಲಾರೆ. "ಹಾಗಾದ್ರೆ ಏನು ನೆನಪಾಗುತ್ತೆ?" ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಟೈರಿಗೆ ತಾಗಿದಾಗ ಡಬ್ ಅಂತ ಸದ್ದು ಬರುತ್ತಲ್ಲ, ಅದು ಕೇಳುತ್ತೆ" ಎಂದಳು. ಆ ಸದ್ದನ್ನೇ ಕೇಳಿಕೊಂಡು ಒದಿ ಎಂದೆ. ಅವಳು ಹಾಗೆಯೇ ಒದೆಯುತ್ತಾಳೆ.

ಫಲಿತಾಂಶ ಏನು ಎಂದು ಕೇಳುತ್ತೀರಿ. ಎಷ್ಟು ಒಳಗೆ, ಎಷ್ಟು ಹೊರಗೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಆದರೆ ನಾಲ್ಕು ಶನಿವಾರದ ಎಣಿಕೆಯಿಂದ ಏನನ್ನೋ ಸಾಧಿಸಿ ತೋರಿಸಿದೆ ಎಂದರೆ ಅದು ಸುಳ್ಳಾಗುತ್ತದೆ. ಕೆಲವರು ಸುಧಾರಿಸಿದರು, ಕೆಲವರು ಇಲ್ಲ, ಒಬ್ಬ ಮೊದಲಿಗಿಂತ ಕೆಟ್ಟ. ನಾನು ಕಂಡ ಒಂದು ಬದಲಾವಣೆ ಮಾತ್ರ ಹೇಳುತ್ತೇನೆ. ಮೊದಲ ವಾರ ತಪ್ಪಿದ ಮಕ್ಕಳನ್ನು "ಏನಾಯ್ತು?" ಎಂದು ಕೇಳಿದರೆ "ನಂಗೆ ಬರಲ್ಲ" ಎನ್ನುತ್ತಿದ್ದರು. ನಾಲ್ಕನೆಯ ವಾರ "ಕೊನೆಗೆ ಕೀಪರನ್ನ ನೋಡ್ಬಿಟ್ಟೆ" ಎನ್ನುತ್ತಿದ್ದರು. 'ಬರಲ್ಲ' ಎಂಬುದನ್ನು ತಿದ್ದಲು ದಾರಿಯಿಲ್ಲ. 'ನೋಡಿಬಿಟ್ಟೆ' ಎಂಬುದನ್ನು ನಾಳೆಯೇ ತಿದ್ದಬಹುದು.

ಗುರುಗಳೇ, ಪೋಷಕರೇ, ನನ್ನ ಮಾತಿನ ತಿರುಳು ಇಷ್ಟೇ. ಮಕ್ಕಳಿಗೆ ದಿನಕ್ಕೆ ಹತ್ತು ಸಲ "ಏಕಾಗ್ರತೆ ಇಡು" ಎನ್ನುತ್ತೇವೆ. ಎಲ್ಲಿ ಇಡಬೇಕು ಎಂದು ಹೇಳುವುದಿಲ್ಲ. ಅರ್ಜುನ ಮತ್ತು ಹಕ್ಕಿಯ ಕಣ್ಣಿನ ಕತೆ ನಮಗೆಲ್ಲ ಬಾಯಿಪಾಠ. ಆ ಕತೆಯಲ್ಲಿ ದ್ರೋಣರು ಏಕಾಗ್ರತೆಯ ಉಪದೇಶ ಮಾಡುವುದಿಲ್ಲ, ನಿನಗೆ ಏನು ಕಾಣುತ್ತಿದೆ ಎಂದು ಕೇಳುತ್ತಾರೆ. ನಮ್ಮ ಪಿ.ಟಿ. ಮಾಸ್ಟ್ರು ಕೇಳುತ್ತಿದ್ದುದೂ ಅದನ್ನೇ. ಹತ್ತನೆಯ ತರಗತಿಯ ಮಗುವಿಗೆ "ಫೇಲಾಗಬೇಡ, ಮಾನ ಕಳೀಬೇಡ" ಎಂದು ಹೇಳಿ ಕಳಿಸಿದರೆ ಅದು ಪ್ರಶ್ನೆಪತ್ರಿಕೆಯಲ್ಲಿ ಫೇಲನ್ನೇ ಕಾಣುತ್ತದೆ. "ಮೊದಲು ಬರುವ ಲೆಕ್ಕ ಹುಡುಕು, ಅದನ್ನು ಪೂರ್ತಿ ಮಾಡು" ಎಂದು ಹೇಳಿದರೆ ಕಣ್ಣಿಗೆ ಒಂದು ಟೈರು ಕಟ್ಟಿಕೊಟ್ಟ ಹಾಗೆ.

ಇನ್ನು ಆ ದನಿಯ ವಿಷಯ.

ಹೋದ ಬೇಸಿಗೆಯಲ್ಲಿ ಪಿ.ಟಿ. ಮಾಸ್ಟ್ರ ಮನೆಗೆ ಹೋಗಿದ್ದೆ. ನಿವೃತ್ತರಾಗಿ ಬಹಳ ವರ್ಷವಾಯಿತು, ಕಾಫಿ ಗಿಡಗಳ ನಡುವೆ ಆರಾಮಾಗಿದ್ದಾರೆ. "ಸಾರ್, ಟೈರ್ ಕಟ್ಟೋದನ್ನ ಎಲ್ಲಿ ಕಲಿತಿರಿ?" ಎಂದು ಭಕ್ತಿಯಿಂದ ಕೇಳಿದೆ. ಅವರು ನಕ್ಕು, "ಕಲಿಯೋದೇನು ಬಂತು. ಬಲೆ ಇರ್ಲಿಲ್ಲ. ಚೆಂಡು ತೋಟಕ್ಕೆ ಹೋದ್ರೆ ಅರ್ಧ ಗಂಟೆ ಹುಡುಕಬೇಕಿತ್ತು. ಗುರಿ ಇಟ್ಟು ಒದ್ರೆ ಚೆಂಡು ಕಳೆಯೋದಾದ್ರೂ ಕಮ್ಮಿ ಆಗುತ್ತೆ ಅಂತ ಕಟ್ಟಿದ್ದು" ಎಂದರು. ನಾನು ಉತ್ಸಾಹದಲ್ಲಿ ಎಕ್ಸೆಟರ್ ಕತೆ ಹೇಳಿದೆ, ಡೋರಿಸ್ ಕತೆ ಹೇಳಿದೆ, ನೆದರ್ಲೆಂಡ್ಸ್ ಕತೆಯನ್ನೂ ಹೇಳಿದೆ. ಕೀಪರನ ಕೈಗೆ ಕೊಡಬೇಡಿ ಎಂದರೆ ಕಣ್ಣು ಕೀಪರನ ಮೇಲೆ ಹೋಗುತ್ತದೆ ಎಂದು ಹೇಳುವಾಗ ಅವರ ಮುಖ ನೋಡಿದೆ. ಆಗ ತಡವಾಗಿತ್ತು. ಅವರು ಕಾಫಿ ಲೋಟ ಕೆಳಗಿಟ್ಟರು. ಸ್ವಲ್ಪ ಹೊತ್ತು ಬ್ಯಾಣೆಯ ಕಡೆ ನೋಡುತ್ತ ಕುಳಿತರು. ಆಮೇಲೆ, "ಅಂದ್ರೆ ಅವತ್ತು ಕೀಪರನ್ನ ನಿಂಗೆ ತೋರಿಸ್ದವನು ನಾನೇ ಅನ್ನು" ಎಂದರು.

ಇಪ್ಪತ್ತು ವರ್ಷ ನಾನು ಹೊತ್ತುಕೊಂಡಿದ್ದನ್ನು ಒಂದೇ ಮಾತಿನಲ್ಲಿ ಅವರ ಹೆಗಲಿಗೆ ದಾಟಿಸಿಬಿಟ್ಟಿದ್ದೆ. ಏನು ಹೇಳಬೇಕೋ ತೋಚಲಿಲ್ಲ. ನಮಸ್ಕಾರ ಮಾಡಿ ಎದ್ದು ಬಂದೆ. ಅವತ್ತು ಹೇಳದ ಉತ್ತರವನ್ನು ಇವತ್ತು ಎಲ್ಲರ ಮುಂದೆ ಹೇಳುತ್ತೇನೆ.

ಸಾರ್, ಆ ಅಧ್ಯಯನ ಬಂದದ್ದು 2006ರಲ್ಲಿ. ನಮ್ಮ ಪಂದ್ಯ 2003ರಲ್ಲಿ. ಅವತ್ತು ನಿಮಗಾಗಲಿ ನನಗಾಗಲಿ ಅದು ಗೊತ್ತಿರಲು ಸಾಧ್ಯವಿರಲಿಲ್ಲ. ಹೆತ್ತವರ ಹಾಗೆ ನೀವೂ ಹೆದರಿದ್ದಿರಿ, ಅದಕ್ಕೆ ಕೂಗಿದಿರಿ. ನೀವು ಒಂದು ಸಲ ಕೀಪರನನ್ನು ತೋರಿಸಿದ್ದರೆ, ಮೂರು ವರ್ಷದ ನೂರಾರು ಸಂಜೆ ಟೈರು ತೋರಿಸಿದ್ದಿರಿ. ರಾತ್ರಿ ಅದನ್ನು ನೋಡಿಕೊಂಡು ಮಲಗು ಎಂದದ್ದನ್ನು ಕೇಳದವನು ನಾನು. ಆಮೇಲೆ ಆಟವನ್ನೇ ಬಿಟ್ಟವನೂ ನಾನೇ. ತಪ್ಪಿದ್ದಕ್ಕಿಂತ ದೊಡ್ಡ ತಪ್ಪು ಅದು.

ಮಕ್ಕಳಿಗೆ ಒಂದು ಮಾತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡ ಫ್ರಾನ್ಸ್ ವಿರುದ್ಧ ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಆ ತಂಡದಲ್ಲಿ ಬೆಂಗಳೂರಿನ ಆಟಗಾರರೂ ಇದ್ದರು. ಭಾರತದ ಏಕೈಕ ಗೋಲು ಹಾಕಿದವರು ನಮ್ಮ ಮೈಸೂರು ರಾಜ್ಯದ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಭಾರತ 2–1ರಿಂದ ಸೋತಿತು. ಸೋತದ್ದು ಹೇಗೆ ಗೊತ್ತೇ? ಎರಡು ಪೆನಾಲ್ಟಿ ತಪ್ಪಿಸಿಕೊಂಡು. ತಪ್ಪಿದವರಲ್ಲಿ ಒಬ್ಬರು ಶೈಲೇನ್ ಮನ್ನಾ. ಅವರನ್ನು ಯಾರೂ ಮನೆಗೆ ಕಳಿಸಲಿಲ್ಲ, ಅವರೂ ಆಟ ಬಿಡಲಿಲ್ಲ. ಮೂರು ವರ್ಷದ ನಂತರ, 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದ ನಾಯಕ ಅದೇ ಮನ್ನಾ.

ಊರಿನ ಹಿರಿಯರಲ್ಲಿ ಒಂದು ವಿನಂತಿ. ನನಗೆ ಇಟ್ಟ ಹೆಸರಿನ ಬಗ್ಗೆ ಬೇಸರವಿಲ್ಲ, ಇವತ್ತು ಅದೇ ಹೆಸರಿನಿಂದ ಕರೆಯುವವರು ಸಿಕ್ಕರೆ ಕರುಳು ಚುರುಕ್ ಎನ್ನುವುದಕ್ಕಿಂತ ಖುಷಿಯೇ ಹೆಚ್ಚು. ಆದರೆ ಮುಂದಿನ ವರ್ಷ ಈ ಮಕ್ಕಳಲ್ಲಿ ಯಾರೋ ಒಬ್ಬರು ಖಂಡಿತ ಪೆನಾಲ್ಟಿ ತಪ್ಪಿಸುತ್ತಾರೆ. ಅವರಿಗೆ ಹೆಸರಿಡುವ ಮೊದಲು ಮರುದಿನ ಸಂಜೆ ಅಂಗಳಕ್ಕೆ ಕರೆದು ಇನ್ನೊಂದು ಒದೆತ ಒದೆಸಿ. ಆಮೇಲೆ ಬೇಕಾದ ಹೆಸರಿಡಿ.

ನಮ್ಮ ತಂಡದವರೆಲ್ಲ ಸೇರಿ ಶಾಲೆಗೆ ಎರಡು ಗೋಲುಬಲೆ, ಹತ್ತು ಚೆಂಡು ತಂದಿದ್ದೇವೆ. ಜೊತೆಗೆ ಸೈಕಲ್ ಅಂಗಡಿಯಿಂದ ಎರಡು ಹಳೆಯ ಟೈರು. ಬೆಳಗ್ಗೆಯೇ ಕಂಬಕ್ಕೆ ಕಟ್ಟಿಯಾಗಿದೆ, ಒಂದು ಮೀಟರ್ ಒಳಗೆ, ಅಳತೆ ಹಿಡಿದು. ಊಟವಾದ ಮೇಲೆ ಎಲ್ಲರೂ ಮೈದಾನದ ಕಡೆ ಬನ್ನಿ. ಮಾಸ್ಟ್ರು ಸೀಟಿ ಊದಲು ಒಪ್ಪಿದ್ದಾರೆ. ಗೋಲಿನಲ್ಲಿ ನಮ್ಮ ನಾಯಕ ನಿಲ್ಲುತ್ತಾನೆ, ಸೇಡು ತೀರಿಸಿಕೊಳ್ಳುತ್ತೇನೆ ಎನ್ನುತ್ತಿದ್ದಾನೆ. ಇಪ್ಪತ್ತೊಂದು ವರ್ಷದ ಮೇಲೆ ನಾನು ಒಂದು ಪೆನಾಲ್ಟಿ ಒದೆಯುತ್ತೇನೆ. ತಟ್ಟೆ ಬಡಿಯುವವರು ಬಡಿಯಬಹುದು. ಹೋದರೆ ಹೋಯಿತು, ಹೋಗದಿದ್ದರೆ ನನ್ನ ಹೆಸರು ನಿಮಗೆ ಗೊತ್ತೇ ಇದೆ.